ಖಂಡೆಪೂಜೆಯ ದಿನ ಅರ್ಧಕ್ಕೆ ನಿಂತ ಮಾಡ್

ಕಂಪ್ಯೂಟರಿನ ಮುಖ ಬದಲಿಸುವುದು ನನ್ನ ಹುಚ್ಚು. ವಿಂಡೋಸಿನ ಮೆನು, ಕೆಳಗಿನ ಪಟ್ಟಿ, ಗಡಿಯಾರಗಳಿಗೆ ಬೇರೆ ರೂಪ ಕೊಡಲು ಹೊರಗಿನವರು ಬರೆದ ತಂತ್ರಾಂಶಗಳಿಗೆ ಮಾಡ್ ಅನ್ನುತ್ತಾರೆ. ಯಾರೂ ಕಲಿಸಲಿಲ್ಲ, ವಿಡಿಯೋ ನೋಡಿ ಕಲಿತೆ. ಆದರೂ ಕ್ರಮ ತಪ್ಪುತ್ತಿರಲಿಲ್ಲ: ಬರೆದವರ ಪುಟದಿಂದಲೇ ಇಳಿಸಿಕೊಳ್ಳುವುದು, ವೈರಸ್ ಸ್ಕ್ಯಾನ್, ಆಮೇಲೆ ರಿಸ್ಟೋರ್ ಪಾಯಿಂಟ್. ಏನಾದರೂ ಕೆಟ್ಟರೆ ವಿಂಡೋಸನ್ನು ಆ ಹೊತ್ತಿನ ಸ್ಥಿತಿಗೆ ಮರಳಿಸಬಹುದು.

ಖಂಡೆಪೂಜೆಯ, ಅಂದರೆ ಆಯುಧಪೂಜೆಯ ಆ ದಿನವೂ ಅಷ್ಟೆಲ್ಲ ಮಾಡಿದ್ದೆ. ಮಾಡ್ ಇನ್‌ಸ್ಟಾಲ್ ಆಗುತ್ತಿತ್ತು. ಕಂಪ್ಯೂಟರ್ ಆರಿಸಬೇಡಿ ಅಂತ ಪರದೆ ಹೇಳುತ್ತಿತ್ತು. ನೀರು ಕುಡಿದು ಬರುವಷ್ಟರಲ್ಲಿ ಅವ್ವ ಗೋಡೆಯ ಸ್ವಿಚ್ಚನ್ನೇ ಆರಿಸಿ, ಕಂಪ್ಯೂಟರಿನ ಡಬ್ಬಿಗೆ ವಿಭೂತಿ ಎಳೆದು, ಚೆಂಡುಹೂ ಏರಿಸುತ್ತಿದ್ದಳು. ಪಕ್ಕದಲ್ಲಿ ಅಪ್ಪ ನಟ್ಟು ತಿರುವುವ ಪಾನಾ, ಹೊಲಿಗೆ ಮಷೀನು, ಅಡುಗೆಯ ಈಳಗಿ.

"ಯವ್ವಾ, ಚಾಲೂ ಇತ್ತಲ್ಲಬೇ!"

"ಖಂಡೆಪೂಜಿ ಐತಿ ಅಂತ ನಿನ್ನೆಯಿಂದ ಬಡಕೊಳ್ಳಾಕತ್ತೀನಿ. ದುಡಿಯೂ ಸಾಮಾನಕ್ಕ ಒಂದಿನಾ ಆರಾಮ ಬ್ಯಾಡೇನು? ನಾಳಿತನಕಾ ಯಾರೂ ಮುಟ್ಟಂಗಿಲ್ಲ."

ಮಧ್ಯಾಹ್ನ ಅಕ್ಕ ವಿಲೆ ಪಾರ್ಲೆಯ ಕಂಪನಿಯೊಂದರಲ್ಲಿ ಕೆಲಸದ ಇಂಟರ್‌ವ್ಯೂ ಮುಗಿಸಿ ಬಂದಳು. ಚಪ್ಪಲಿ ಬಿಡುವ ಮೊದಲೇ, "ಲೇ, ಪಿಸಿ ಚಾಲೂ ಮಾಡು. ಸಂಜಿ ಆರರೊಳಗ ಡ್ರಾಯಿಂಗ್ ಫೈಲ್ ಮೇಲ್ ಮಾಡು ಅಂದಾರ. ಸಿಲೆಕ್ಟ್ ಆಗೂದು ಪಕ್ಕಾ!"

ಆ ಫೈಲು ಇದ್ದದ್ದು ಇದೊಂದರಲ್ಲೇ. ರಿಸ್ಟೋರ್ ಪಾಯಿಂಟ್ ವಿಂಡೋಸನ್ನು ಕಾಯುತ್ತದೆ, ಅಕ್ಕನ ಚಿತ್ರಗಳನ್ನಲ್ಲ. ಅದಕ್ಕೆ ಬೇರೆ ಪ್ರತಿ ಬೇಕು. ಅದು ನಮ್ಮಲ್ಲಿ ಇರಲಿಲ್ಲ.

ಅವ್ವ ಬಚ್ಚಲಿಗೆ ಹೋದಾಗ ಗೋಡೆಯ ಸ್ವಿಚ್ ಹಾಕಿ, ಹೂವಿನ ಸಂದಿಯಲ್ಲಿ ಬೆರಳು ತೂರಿಸಿ ಬಟನ್ ಒತ್ತಿದೆ. ಪರದೆ ಕಪ್ಪಗಾಯಿತು. ನಡುವೆ ಒಂದು ಬಾಣದ ಗುರುತು, ಮತ್ತೇನೂ ಇಲ್ಲ. ಡಬ್ಬಿಯೊಳಗಿನ ಫ್ಯಾನಿನ ಸದ್ದಿಗೆ ಅವ್ವ ಒದ್ದೆ ಕೈಯಲ್ಲೇ ಓಡಿ ಬಂದು ಸ್ವಿಚ್ ಆರಿಸಿದಳು.

ಅಕ್ಕ ನನ್ನ ಕಾಲರ್ ಹಿಡಿದಳು. "ಏನ್ ಮಾಡಿಟ್ಟೀಯೋ? ನನ್ನ ಫೈಲ್ ಅದಾವೋ ಇಲ್ಲೋ?"

"ಇರಬೇಕು," ಅಂದೆ.

ಕೆಳಗಿನ ಜೆರಾಕ್ಸ್ ಅಂಗಡಿಗೆ ಓಡಿದೆ, ಡಿಸ್ಕ್ ಬಿಚ್ಚಿ ಅಲ್ಲಿ ಹಚ್ಚಿಯಾದರೂ ನೋಡೋಣವೆಂದು. ಅಂಗಡಿಯವನ ಮಷೀನಿಗೂ ಹಾರ ಬಿದ್ದಿತ್ತು. "ಆಜ್ ಛುಟ್ಟಿ, ಕಲ್ ಆ," ಇವತ್ತು ರಜೆ, ನಾಳೆ ಬಾ ಎಂದು ಪೇಡೆ ಕೈಗಿಟ್ಟ. ಮೆಟ್ಟಿಲಲ್ಲೇ ಕೂತುಬಿಟ್ಟೆ. ಪೇಡೆ ಕೈಯಲ್ಲೇ ಕರಗುತ್ತಿತ್ತು.

ಮೇಲೆ ಬಂದರೆ ಅಕ್ಕ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಅವ್ವ ರಾತ್ರಿಯ ಪಲ್ಯಕ್ಕೆ ಈಳಗಿಯ ಮೇಲೆ ನಾಲ್ಕು ಅಕ್ಷತೆ ಹಾಕಿ, ಪೂಜೆ ಮುಗಿಯಿತೆಂಬ ಗುರುತಿಗೆ ಅದನ್ನು ಒಂದಿಷ್ಟು ಕದಲಿಸಿ, ಕೈಮುಗಿದು, ಬದನೆಕಾಯಿ ಹೆಚ್ಚಲು ಕೂತಿದ್ದಳು.

ಅಕ್ಕ ತಿರುಗಿ ನೋಡಿದಳು. "ಈಳಗಿಗಿ ರಜಾ ಮುಗೀತೇನಬೇ?"

"ಉಣಬೇಕೋ ಬ್ಯಾಡೋ?"

"ನಾನೂ ಅದಕ್ಕ ಅಳಾಕತ್ತೀನಿ."

ಅವ್ವ ಬದನೆಕಾಯಿ ಕೆಳಗಿಟ್ಟಳು. ಎದ್ದು ಬಂದು ಡಬ್ಬಿಯ ಮೇಲೆ ಅಕ್ಷತೆ ಹಾಕಿ ಕದಲಿಸಿದಳು. "ತಪ್ಪಾದ್ರ ನನಗ ಹತ್ತಲಿ. ಮಾಡು."

ಕೆಟ್ಟಾಗ ವಿಂಡೋಸ್ ಬರೀ ಅಗತ್ಯದಷ್ಟರಲ್ಲೇ ತೆರೆಯುವ ಸೇಫ್ ಮೋಡಿಗೆ ಬರಲು ಮೂರು ಸಲ ಆರಿಸಿ ಹಚ್ಚಬೇಕಾಯಿತು. ರಿಸ್ಟೋರ್ ಒತ್ತಿದೆ. ಚುಕ್ಕಿಗಳು ಸುತ್ತುತ್ತಲೇ ಇದ್ದವು. ಗಡಿಯಾರ ನೋಡಬಾರದೆಂದುಕೊಂಡು ನೋಡುತ್ತಿದ್ದೆ. ಅಕ್ಕನ ಉಗುರು ನನ್ನ ಭುಜದೊಳಕ್ಕೆ ಇಳಿದಿತ್ತು. ಅವ್ವ ಸ್ವಿಚ್ಚಿನ ಮುಂದೆ ನಿಂತಿದ್ದಳು, ಯಾರೂ ಆರಿಸದ ಹಾಗೆ.

ಹಳೆಯ ಮೆನು, ಹಳೆಯ ಪಟ್ಟಿ, ಅಕ್ಕನ ಫೋಲ್ಡರು ತೆರೆದುಕೊಂಡವು. ಆರು ಹೊಡೆಯುವ ಮೊದಲೇ ಮೇಲ್ ಹೋಯಿತು. ಕೂಡಲೇ ಅವ್ವ ಕೇಳಿದಳು, "ಆತೇನು? ಸರಿ, ಬಂದ್ ಮಾಡು."

"ತಡಿಬೇ," ಅಂದೆ. ಪೆನ್ ಡ್ರೈವ್ ಹಚ್ಚಿ, ಮೊದಲು ಅಕ್ಕನ ಫೋಲ್ಡರಿನ ಪ್ರತಿ ತೆಗೆದೆ.