ಮೂರು ಮಿಲಿಮೀಟರ್ ಮೆಟ್ಟಿಲು

೧೯೮೪ರಲ್ಲಿ ನಾನು ಬಳ್ಳಾರಿಯಲ್ಲಿ ಟೆಸ್ಟ್ ಇಂಜಿನಿಯರ್ ಆಗಿದ್ದೆ. ಸಿರುಗುಪ್ಪ ರಸ್ತೆಯಲ್ಲಿ ಮುಚ್ಚಿಹೋಗಿದ್ದ ಹತ್ತಿ ಜಿನ್ನಿಂಗ್ ಮಿಲ್ಲಿನ ಷೆಡ್ಡನ್ನು ಬಾಡಿಗೆಗೆ ಹಿಡಿದು, ನಮ್ಮ ಸಣ್ಣ ತಂಡ ಸೂಪರ್‌ಸಾನಿಕ್ ದಹನದ ಪ್ರಯೋಗ ನಡೆಸುತ್ತಿತ್ತು. ನನಗೆ ಆಗ ಇಪ್ಪತ್ತಾರು ವರ್ಷ. ಚರ್ಚಾಸ್ಪರ್ಧೆಗಳಲ್ಲಿ ಪರ, ವಿರೋಧ ಯಾವುದು ಕೊಟ್ಟರೂ ಗೆದ್ದು ಬಂದವನು. ಯಾರು ಏನು ಹೇಳಿದರೂ ಆಧಾರ ಕೇಳುತ್ತಿದ್ದೆ. ನನ್ನ ಡ್ರಾಯಿಂಗ್‌ಗಳಿಗೆ ಮಾತ್ರ ಅದನ್ನು ಕೇಳುತ್ತಿರಲಿಲ್ಲ.

ಕೆಲಸ ಹೀಗಿತ್ತು. ಟ್ಯಾಂಕಿನಲ್ಲಿ ಒತ್ತಿಟ್ಟ ಗಾಳಿಯನ್ನು ಕಾಯಿಸಿ, ಶಬ್ದದ ಎರಡು ಪಟ್ಟು ವೇಗದಲ್ಲಿ ಅರ್ಧ ಮೀಟರ್ ಉದ್ದದ ಉಕ್ಕಿನ ಕೊಳವೆಗೆ, ಅಂದರೆ ಡಕ್ಟ್‌ಗೆ ಬಿಡುವುದು. ಡಕ್ಟಿನ ಗೋಡೆಯ ಸಣ್ಣ ತೂತುಗಳಿಂದ ಹೈಡ್ರೋಜನ್ ಒಳನುಗ್ಗುತ್ತದೆ. ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ಅದು ಗಾಳಿಯೊಡನೆ ಬೆರೆಯಬೇಕು, ಹೊತ್ತಬೇಕು. ಹೊತ್ತಿದ ಜ್ವಾಲೆ ಕೊಚ್ಚಿಹೋಗದೆ ನಿಲ್ಲಬೇಕು. ಕಷ್ಟವೆಲ್ಲ ಆ ನಿಲ್ಲುವುದರಲ್ಲೇ. ಡಕ್ಟಿನ ಬಾಯಿಂದ ಬರುವ ಅನಿಲ, ಸದ್ದು ತಗ್ಗಿಸಲೆಂದು ಕಟ್ಟಿದ್ದ ಇಟ್ಟಿಗೆಯ ಕೋಣೆಗೆ ಹೋಗುತ್ತಿತ್ತು.

ಮೊದಲ ಮೂರು ಪ್ರಯೋಗಗಳಲ್ಲಿ ಜ್ವಾಲೆ ನಿಂತಿತು. ನನ್ನ ತೂತುಗಳ ಕೋನವೇ ಕಾರಣ ಎಂದು ಬರೆದಿಟ್ಟೆ. ಆಮೇಲೆ ಡಕ್ಟ್ ಬಿಚ್ಚಿ ನೋಡಿದರೆ, ತೂತುಗಳಿಗೆ ಹೊಂದಿಕೊಂಡೇ ಡಕ್ಟಿನ ಎರಡು ತುಂಡುಗಳು ಸರಿಯಾಗಿ ಕೂಡಿರಲಿಲ್ಲ. ತೂತುಗಳನ್ನು ದಾಟಿ ಗಾಳಿ ಮುಂದೆ ಹರಿಯುವ ಕಡೆಯ ತುಂಡು ಮೂರು ಮಿಲಿಮೀಟರ್ ತಗ್ಗಿ, ಒಂದು ಮೆಟ್ಟಿಲಾಗಿತ್ತು. ಬೆಸೆದವನು ನಮ್ಮ ವೆಲ್ಡರ್, ಬಾದನಹಟ್ಟಿಯ ಎರ್ರಿಸ್ವಾಮಿ.

"ಇದನ್ನ ತುಂಬಿ, ಗ್ರೈಂಡ್ ಮಾಡಿ ನುಣ್ಣಗೆ ಮಾಡು," ಎಂದೆ.

"ಇರ್ಲಿ ಬಿಡ್ರಿ ಸಾರ್. ಸಿರುಗುಪ್ಪದ ಅಕ್ಕಿ ಗಿರಣಿಯಾಗ ಹೊಟ್ಟಿನ ಒಲಿಗೆ ಬ್ಲೋವರ್ ಹಚ್ಚಿದ್ರ ಬೆಂಕಿ ಹಾರಿ ಹೋಗ್ತಿತ್ತು. ಒಂದು ಇಟ್ಟಂಗಿ ಅಡ್ಡ ಇಟ್ಟೆ. ಅದರ ಹಿಂದ ಬೆಂಕಿ ನಿಂತ್ಕಂತು. ಇದೂ ಹಂಗ ಅನಸ್ತೈತಿ."

"ನಿನ್ನ ಬ್ಲೋವರ್ ಗಾಳಿ ಶಬ್ದಕ್ಕಿಂತ ಜೋರು ಹೋಗ್ತಿತ್ತೇನು?"

"ಇಲ್ರಿ."

"ಬೆಂಕಿ ಯಾಕ ನಿಂತಿತು ಅಂತ ಹೇಳಾಕ ಬರ್ತೈತೇನು?"

"ಅದು ಗೊತ್ತಿಲ್ರಿ."

"ಹಂಗಾದ್ರ ನಿನ್ನ ಗಿರಣಿ ಇಲ್ಲಿ ಬ್ಯಾಡ."

ಸುತ್ತ ನಿಂತವರು ನಕ್ಕರು. ಎರ್ರಿಸ್ವಾಮಿಯೂ ನಕ್ಕ. "ಮಾತಿನಾಗ ನಿಮ್ಮನ್ನ ಯಾರು ಗೆಲ್ತಾರ್ರಿ. ಆ ಗ್ರೈಂಡರ್ ಕೊಡ್ರಿ ಇತ್ಲಾಗ."

ಮೆಟ್ಟಿಲು ತುಂಬಿ ನುಣ್ಣಗಾಯಿತು. ನಾಲ್ಕನೆಯ ಪ್ರಯೋಗ ಮರುದಿನ ಬೆಳಗ್ಗೆ ಹನ್ನೊಂದಕ್ಕೆ. ಮೂರು ಸೆಕೆಂಡ್ ಷೆಡ್ಡಿನ ತಗಡುಗಳು ಬಡಿದಾಡಿದವು. ಒತ್ತಡಮಾಪಕದ ಮುಳ್ಳು ಏರಲೇ ಇಲ್ಲ, ಅಂದರೆ ಜ್ವಾಲೆ ನಿಂತಿರಲಿಲ್ಲ. ಉರಿಯದೆ ಉಳಿದ ಹೈಡ್ರೋಜನ್ ಅಷ್ಟೂ ಇಟ್ಟಿಗೆ ಕೋಣೆ ಸೇರಿತ್ತು. ಗಾಳಿ ನಿಂತಿತು. ಮುಗಿಯಿತು ಎಂದು ಕೈ ಎತ್ತಿದೆ. ಎರ್ರಿಸ್ವಾಮಿ ನಾವೆಲ್ಲ ನಿಂತಿದ್ದ ರಕ್ಷಣೆಯ ಗೋಡೆಯ ಮರೆಯಿಂದ ಹೊರಬಂದು ಡಕ್ಟಿನ ಕಡೆ ನಡೆದ. ನಾನೋ, ದೋಷ ಡಕ್ಟಿನೊಳಗೆ ಬೆಂಕಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ಗಿನದೇ ಇರಬೇಕೆಂದುಕೊಂಡು, ಕಿಡಿ ಬರುತ್ತದೋ ಇಲ್ಲವೋ ನೋಡಲು ಸ್ವಿಚ್ ಒತ್ತಿದೆ.

ಕಿಡಿ ಬಂತು. ಓಡುವ ಗಾಳಿಯಲ್ಲಿ ನಿಲ್ಲಲಾರದ ಬೆಂಕಿ ನಿಂತ ಗಾಳಿಯಲ್ಲಿ ಒಂದೇ ನೆಗೆತಕ್ಕೆ ಕೋಣೆ ತಲುಪಿತು. ಸ್ಫೋಟದ ಸದ್ದು ನನಗೆ ಕೇಳಿಸಲಿಲ್ಲ, ಎದೆಗೆ ಗುದ್ದಿತು. ಕೋಣೆಯ ಗೋಡೆ ಇಟ್ಟಿಗೆ ಇಟ್ಟಿಗೆಯಾಗಿ ಸಿಡಿಯಿತು. ಅದರ ಮೇಲಿದ್ದ ಕಬ್ಬಿಣದ ಮುಚ್ಚಳ ಹಾರಿ ಎರ್ರಿಸ್ವಾಮಿಯ ಬಲಗೈಯನ್ನು ಕಂಬಕ್ಕೆ ಜಜ್ಜಿತು. ಓಡಿಹೋಗಿ ಎತ್ತಿದಾಗ ಅವನ ಹುಬ್ಬು ಸುಟ್ಟಿದ್ದವು, ಮೂಗಿನಿಂದ ರಕ್ತ ಹರಿಯುತ್ತಿತ್ತು, ಎರಡು ಬೆರಳು ತೊಗಲಿಗೆ ಜೋತುಬಿದ್ದಿದ್ದವು. ಅವನ ಬಾಯಿ ಆಡುತ್ತಿತ್ತು. ನನ್ನ ಕಿವಿ ಸತ್ತಿದ್ದರಿಂದ ಏನೆಂದನೋ ತಿಳಿಯಲಿಲ್ಲ.

ಆಸ್ಪತ್ರೆಯಲ್ಲಿ ಆ ಬೆರಳುಗಳನ್ನು ತೆಗೆದರು. ಮರುದಿನ ನಮ್ಮ ಮುಖ್ಯಸ್ಥರು ನನ್ನನ್ನು ಕರೆದರು. "ನಾಳೆ ತನಿಖೆ ಇದೆ. ವೆಲ್ಡಿಂಗ್ ದೋಷ ಅಂತ ಬರೆದುಬಿಡಿ. ಮೊದಲು ತುಂಡುಗಳನ್ನ ಸೊಟ್ಟ ಕೂಡಿಸಿದವನು ಅವನೇ ತಾನೆ?"

ಸುಳ್ಳಲ್ಲ. ಇನ್ನೂ ಹತ್ತು ನಿಮಿಷ ಕೊಟ್ಟಿದ್ದರೆ ಆ ವಾದಕ್ಕೆ ನಾನೇ ನಾಲ್ಕು ಅಂಶ ಸೇರಿಸುತ್ತಿದ್ದೆ. ಹಾಗೆ ಬರೆದರೆ ಎರ್ರಿಸ್ವಾಮಿಯ ಕೆಲಸ ಹೋಗುತ್ತಿತ್ತು. ಎರಡು ಬೆರಳಿಲ್ಲದ ವೆಲ್ಡರ್‌ಗೆ ಬೇರೆಲ್ಲೂ ಕೆಲಸ ಸಿಗುತ್ತಿರಲಿಲ್ಲ.

ಸಂಜೆ ಆಸ್ಪತ್ರೆಗೆ ಹೋದೆ. ಅವನ ಹೆಂಡತಿ ಗಂಗಮ್ಮ ನನ್ನ ಮುಖ ನೋಡದೆ ಎದ್ದು ಹೊರಗೆ ಹೋದಳು.

"ನಾಳೆ ಯಾರ ಪರ ಮಾತಾಡ್ತೀರಿ ಸಾರ್?" ಎಂದ ಎರ್ರಿಸ್ವಾಮಿ.

"ನಿನ್ನ ಪರ."

"ಪರ ಗಿರ ಬ್ಯಾಡ್ರಿ. ನೀವು ಪರ ಮಾತಾಡಿದ್ರ ನಂಗ ಹೆದರಿಕಿ ಆಗ್ತೈತಿ. ಏನಾತು ಅದಷ್ಟ ಹೇಳ್ರಿ."

ವರದಿಯಲ್ಲಿ ಎರಡೇ ವಾಕ್ಯ ಬರೆದೆ: ಮೆಟ್ಟಿಲು ತುಂಬಿಸಿದ್ದು ನಾನು, ವೆಲ್ಡರ್ ಬೇಡವೆಂದಿದ್ದ. ಕೋಣೆಯ ಅನಿಲ ಹೊರಹಾಕದೆ ಸ್ವಿಚ್ ಒತ್ತಿದ್ದೂ ನಾನು. ತಂಡದಿಂದ ನನ್ನನ್ನು ತೆಗೆದರು. ಎರ್ರಿಸ್ವಾಮಿ ಉಳಿದ. ಎಡಗೈಯಲ್ಲಿ ವೆಲ್ಡಿಂಗ್ ಟಾರ್ಚ್ ಹಿಡಿಯುವುದನ್ನು ಕಲಿತು, ಮೆಟ್ಟಿಲನ್ನು ಮತ್ತೆ ಕೊರೆದುಕೊಟ್ಟನಂತೆ, ಜ್ವಾಲೆ ನಿಂತಿತಂತೆ. ಮೆಟ್ಟಿಲಿನ ಹಿಂದೆ ಬಿಸಿ ಅನಿಲ ನಿಧಾನವಾಗಿ ಸುತ್ತುತ್ತದೆ, ಇಂಧನ ಅಲ್ಲಿ ಬೆರೆಯುತ್ತದೆ, ಜ್ವಾಲೆಗೆ ನೆಲೆ ಸಿಗುತ್ತದೆ. ಆ ಕಾರಣವನ್ನು ಇಂಜಿನಿಯರ್ ಆದ ನಾನು ಅವನಿಗೆ ಹೇಳಬೇಕಿತ್ತು, ಬದಲಿಗೆ ಅವನನ್ನೇ ಕೇಳಿದೆ.

ಈಗಲೂ ನಾನು ಯಾರ ಮಾತನ್ನೂ ಸುಮ್ಮನೆ ನಂಬುವುದಿಲ್ಲ. ಆದರೆ ಯಾಕೆ ಎಂದು ಕೇಳುವ ಮೊದಲು, ನೀವು ಏನು ನೋಡಿದಿರಿ ಎಂದು ಕೇಳುತ್ತೇನೆ. ಕಾರಣ ಹೇಳಲು ಬಾರದು ಎಂದ ಮಾತ್ರಕ್ಕೆ, ಕಂಡದ್ದು ಸುಳ್ಳಾಗುವುದಿಲ್ಲ.