ದ್ಯಾಮಣ್ಣನ ರೈಫಲ್ ಕೇಳಿ ಬಂದವನು

ಟೂಂಗಾಬಿ ಎಂಬ ಊರಿನ ರತ್ನವ್ವನ ಗಂಡ ದ್ಯಾಮಣ್ಣ ಲೈಸೆನ್ಸ್ ಇಟ್ಟುಕೊಂಡು ರೈತರ ಹೊಲಗಳಲ್ಲಿ ಕಾಡುಹಂದಿ ಹೊಡೆಯುವ ಗುತ್ತಿಗೆ ಮಾಡುತ್ತಿದ್ದ. ಅವನ ಸೆಮಿ-ಆಟೋಮ್ಯಾಟಿಕ್ ರೈಫಲನ್ನು ಜೊತೆಗಾರ, ಮೆಲ್ಬರ್ನಿನ ಕರುಣಾಕರ, ಹತ್ತು ವರ್ಷ ತಗಡು ಎಂದು ಆಡಿಕೊಂಡ. ಕೊನೆಗೆ ದ್ಯಾಮಣ್ಣನಿಗೆ ಕೈ ನಡುಗುತ್ತದೆ ಎಂದು ರೈತರಿಗೆ ಚಾಡಿ ಹೇಳಿ ಗುತ್ತಿಗೆಯನ್ನೇ ಕಿತ್ತುಕೊಂಡ. ದ್ಯಾಮಣ್ಣ ಆ ಕೊರಗಿನಲ್ಲೇ ಸತ್ತ.

ಮಣ್ಣಿಗೆ ಬಾರದವನು ತಿಂಗಳಾದ ಮೇಲೆ ಬಂದ.

"ರತ್ನಕ್ಕಾ, ಆ ರೈಫಲ್ ನನಗೆ ಮಾರಿ ಮಾರಾಯ್ರೆ."

"ನಿಮ್ಮದು ಹೊಸಾದು ಐತಲ್ಲ?"

"ಅದು ಭಾರ. ಚೂರು ಮಣ್ಣು ಹೋದ್ರೆ ಎರಡನೇ ಗುಂಡಿಗೇ ಸಿಕ್ಕಿಹಾಕಿಕೊಳ್ತದೆ. ದ್ಯಾಮಣ್ಣಂದು ಹಗುರ, ಕೆಸರಲ್ಲಿ ಬಿದ್ದರೂ ನಿಲ್ಲುದಿಲ್ಲ. ಕೊಂಡ್ರೆ ಅಂಥದ್ದೇ ಕೊಳ್ಬೇಕು."

"ನನಗ್ಯಾಕ ಹೇಳ್ತೀರಿ? ಅವರಿಗೆ ಹೇಳ್ರಿ," ಎಂದು ರತ್ನವ್ವ ಗಂಡನ ಫೋಟೋ ತೋರಿಸಿದಳು.

ಆಸೆಬುರುಕ ಫೋಟೋದ ಮುಂದೆ ನಿಂತು ಎಲ್ಲವನ್ನೂ ಇನ್ನೊಮ್ಮೆ ಒಪ್ಪಿಸಿದ. ದ್ಯಾಮಣ್ಣನ ಕೈ ನಡುಗುತ್ತಿರಲಿಲ್ಲ ಎಂಬುದನ್ನೂ ಅವಳು ಅವನ ಬಾಯಿಂದಲೇ ಹೊರಡಿಸಿದಳು.

"ಈಗ ಹೊಟ್ಟಿ ತಣ್ಣಗಾತು. ರೈಫಲ್ ನಿನ್ನೆನ ಪೊಲೀಸರಿಗೆ ಕೊಟ್ಟೇನಿ, ಪುಡಿ ಮಾಡ್ರಿ ಅಂತ ಹೇಳಿ."

"ಅಯ್ಯೋ, ಅಂಥ ರೈಫಲ್!"

"ಅಂಥಾ ಗಂಡನ್ನ ಮಣ್ಣು ಮಾಡೇನಿ. ಅದೇನು ದೊಡ್ಡದು?" ಎಂದು ಬಾಗಿಲು ತೆರೆದು ಹಿಡಿದಳು.