ಗ್ರೇವಿಯನ್ನು ಸಮುದ್ರ ದಾಟಿಸಿದ್ದು

ನಾರಿಸ್ ಟ್ಯಾಪ್ಸೆಲ್ ಒಳ್ಳೆಯ ಮನುಷ್ಯ ಎಂದು ಇಂಗ್ಲೆಂಡಿನ ಕಡಲಂಚಿನ ನಮ್ಮ ಡೀಲ್ ಪಟ್ಟಣದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಗೋಡೆಗೆ ಗೋಡೆ ಅಂಟಿಕೊಂಡ ಮನೆಯಲ್ಲಿ ಮೂವತ್ತು ವರ್ಷ ಅವನ ಪಕ್ಕದಲ್ಲೇ ಬಾಳಿದವಳು ನಾನು, ನನ್ನನ್ನು ಕೇಳಿ. ಒಳ್ಳೆಯವನು ಹೌದು, ಇಲ್ಲ ಅನ್ನುವುದಿಲ್ಲ. ಆದರೆ ಹಟ ಅಂದರೆ ಹಟ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತನಾದವನು. ಕೆಟ್ಟು ನಿಂತ ಇಂಜಿನ್ನಿಗೆ ತೋರಿಸುತ್ತಿದ್ದ ತಾಳ್ಮೆಯಲ್ಲಿ ಕಾಲು ಭಾಗವನ್ನೂ ಮನುಷ್ಯರಿಗೆ ತೋರಿಸಿದವನಲ್ಲ. ಅದು ಸಿಕ್ಕಿದ್ದು ಇಬ್ಬರಿಗೆ ಮಾತ್ರ: ಹೆಂಡತಿ ಆಲ್ವೆನ್‌ಗೆ, ಆಮೇಲೆ ಗ್ರೇವಿಗೆ.

ಗ್ರೇವಿ ಅಂದರೆ ನಾಯಿ. ಯಾವ ಜಾತಿಯದು ಎಂದು ಕೇಳಬೇಡಿ, ಅದರ ಅಮ್ಮನಿಗೂ ಗೊತ್ತಿರಲಿಕ್ಕಿಲ್ಲ. ಗಿಡ್ಡ ಕಾಲು, ಒಂದು ಕಿವಿ ಮೇಲೆ, ಒಂದು ಕೆಳಗೆ. ಭಾನುವಾರದ ಊಟಕ್ಕೆ ಮಾಂಸದ ಮೇಲೆ ಕಂದು ಸಾರು ಸುರಿದುಕೊಳ್ಳುತ್ತೇವಲ್ಲ, ಅದೇ ಬಣ್ಣ. ಅದಕ್ಕೇ ಆಲ್ವೆನ್ ಆ ಹೆಸರಿಟ್ಟಳು.

ಪ್ರತಿ ವಸಂತದಲ್ಲೂ ಮೂವರೂ ಕಾರು ಹತ್ತಿ ಫ್ರಾನ್ಸಿಗೆ ಹೋಗುತ್ತಿದ್ದರು. ಆಲ್ವೆನ್‌ಳ ತಂಗಿ ಮೆನ್ನಾ ಅಲ್ಲಿಯವನನ್ನು ಮದುವೆಯಾಗಿ ನಾರ್ಮಂಡಿಯ ಒಂದು ಹಳ್ಳಿಯಲ್ಲಿದ್ದಳು. ಗಂಡ ತೀರಿಕೊಂಡ ಮೇಲೂ ಕೋಳಿ ಸಾಕಿಕೊಂಡು ಅಲ್ಲೇ ಉಳಿದಳು. ಹಡಗಿನಲ್ಲಿ ಹೋದರೆ ನಾಯಿಯನ್ನು ಕೆಳಗೆ ಕಾರಿನಲ್ಲೇ ಬಿಟ್ಟು ಜನ ಮೇಲೆ ಹೋಗಿ ಕೂರಬೇಕು. ಅದು ನಾರಿಸ್‌ಗೆ ಆಗದ ಮಾತು. ಹಾಗಾಗಿ ಸಮುದ್ರದಡಿಯ ರೈಲು. ಅದರ ಹೊಟ್ಟೆಯೊಳಗೆ ಕಾರು ನುಗ್ಗಿಸಿ, ಕಾರಿನಲ್ಲೇ ಕೂತು, ಫ್ಲಾಸ್ಕಿನ ಚಹಾ ಕುಡಿದು ಮುಗಿಸುವಷ್ಟರಲ್ಲಿ ಆಚೆ ದಡ. ಮೊದಲೆಲ್ಲ ಗ್ರೇವಿಗೆ ಒಂದು ಪಾಸ್‌ಪೋರ್ಟ್ ಇತ್ತು, ನನ್ನದಕ್ಕಿಂತ ಜಾಸ್ತಿ ಮುದ್ರೆ ಬಿದ್ದಿದ್ದವು ಅದರಲ್ಲಿ. ನಮ್ಮವರು ಯುರೋಪಿನ ಒಕ್ಕೂಟದಿಂದ ಹೊರಗೆ ಬಂದ ಮೇಲೆ ಅದು ಕೆಲಸಕ್ಕೆ ಬಾರದ್ದಾಯಿತು. ಈಗ ಪ್ರತಿ ಸಲ ಪಶುವೈದ್ಯರಿಂದ ಹೊಸ ಕಾಗದದ ಕಟ್ಟು. ನಾರಿಸ್ ಆ ಬಗ್ಗೆ ಬೀದಿಯಲ್ಲಿ ನಿಂತು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ನಮ್ಮ ಕಾರುಗಳಲ್ಲಿ ಸ್ಟಿಯರಿಂಗ್ ಬಲಗಡೆ, ಓಡಿಸುವುದು ರಸ್ತೆಯ ಎಡಕ್ಕೆ. ಅಲ್ಲಿ ರಸ್ತೆಯ ಬಲಕ್ಕೆ ಓಡಿಸಬೇಕು. ಮುಂದೆ ಒಂದು ಲಾರಿ ಬಂತೆನ್ನಿ, ನಮ್ಮ ಡ್ರೈವರಿಗೆ ಅದರ ಹಿಂಭಾಗ ಬಿಟ್ಟು ಬೇರೇನೂ ಕಾಣದು. ಎಡಸೀಟಿನವರು ಇಣುಕಿ ನೋಡಿ ‘ಹೋಗು’ ಅನ್ನಬೇಕು. ಟೋಲ್ ಕಟ್ಟುವ ಕಿಟಕಿಯೂ ಎಡಕ್ಕೇ. ಇದೆಲ್ಲ ಆಲ್ವೆನ್ ಕೆಲಸ. ಅವಳು ತೀರಿಹೋದ ಮೇಲೆ ಎರಡು ವಸಂತ ಗ್ರೇವಿಯನ್ನೇ ಆ ಸೀಟಿನಲ್ಲಿ ಬೆಲ್ಟು ಕಟ್ಟಿ ಕೂರಿಸಿಕೊಂಡು ಹೋಗಿಬಂದ. ಯಾವ ಲಾರಿಯನ್ನೂ ದಾಟಲಿಲ್ಲ. ಟೋಲ್ ಬಂದಾಗ ತಾನೇ ಇಳಿದು ಸುತ್ತಿ ಹೋಗಿ ಕಟ್ಟುತ್ತಿದ್ದ, ಹಿಂದಿನವರು ಹಾರ್ನ್ ಹೊಡೆದರೆ ಹೊಡೆದುಕೊಳ್ಳಲಿ ಎಂದು.

ಈ ಜನವರಿಯಲ್ಲಿ ಮೆಟ್ಟಿಲಿಂದ ಬಿದ್ದ. ಸೊಂಟದ ಮೂಳೆ ಮುರಿಯಿತು. ಗ್ರೇವಿ ಬೊಗಳಿದ ರೀತಿ ಕೇಳಿ ನಾನು ನನ್ನ ಹತ್ತಿರವಿದ್ದ ಅವನ ಮನೆಯ ಬೀಗದ ಕೈ ಹಿಡಿದು ಓಡಿದೆ. ಆಪರೇಷನ್ ಆಯಿತು, ಕಾರು ಓಡಿಸಬಹುದು ಎಂದರು, ಮೆಟ್ಟಿಲು ಮಾತ್ರ ಬೇಡ ಎಂದರು. ಆಮೇಲೆ ವಯಸ್ಸಾದವರಿಗೆಂದೇ ಕಟ್ಟಿದ ಫ್ಲ್ಯಾಟ್ ಒಂದು ಖಾಲಿಯಾಯಿತು. ಮೆಟ್ಟಿಲಿಲ್ಲ, ಬಿದ್ದರೆ ಎಳೆಯಲು ಗೋಡೆಯಲ್ಲಿ ಹಗ್ಗ, ಎಳೆದರೆ ಯಾರಾದರೂ ಬರುತ್ತಾರೆ. ನಾಯಿಗೆ ಮಾತ್ರ ಜಾಗವಿಲ್ಲ. ಅದನ್ನು ಹೇಳಲು ಬಂದ ಅಧಿಕಾರಿಣಿಗೆ ನಾರಿಸ್ ಬಾಗಿಲು ತೋರಿಸಿ ಕಳಿಸಿದ. ಮುಗಿಯಿತು ಅಂದುಕೊಂಡೆ. ವಾರ ಕಳೆದ ಮೇಲೆ ಬೇಲಿಯ ಆಚೆಯಿಂದ ಕರೆದ.

“ಥೆಲ್ಮಾ, ಫ್ಲ್ಯಾಟಿಗೆ ಹೂಂ ಅಂದೆ ಕಣೆ.”

“ನಾಯಿ?”

“ಮೆನ್ನಾ ಹತ್ರ ಬಿಡ್ತೀನಿ. ಒಪ್ಕೊಂಡಿದಾಳೆ. ನೀನು ಎಡಗಡೆ ಸೀಟಲ್ಲಿ ಕೂತ್ಕೊಂಡು ಬರ್ತೀಯಾ?”

“ನಾನ್ಯಾಕಯ್ಯ? ಗ್ರೇವಿ ಇದಾನಲ್ಲ.”

“ವಾಪಸ್ ಬರೋವಾಗ ಇರಲ್ವಲ್ಲ.”

ಅವನ ಬಾಯಿಂದ ಅಂಥ ಮಾತು ನಾನು ಕೇಳಿದ್ದೇ ಇಲ್ಲ. ಬರುತ್ತೇನೆ ಅಂದೆ. ನಾಯಿಯನ್ನು ನೀನೇ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ನನ್ನ ಮನೆಯಲ್ಲಿ ಡಚೆಸ್ ಇದ್ದಾಳೆ. ಬೆಕ್ಕು. ಅವಳೂ ಗ್ರೇವಿಯೂ ಒಮ್ಮೆ ನನ್ನ ಅಡುಗೆಮನೆಯಲ್ಲಿ ಎದುರುಬದುರಾಗಿದ್ದರು, ಆ ಪರದೆಗಳನ್ನು ಎಸೆಯಬೇಕಾಯಿತು.

ಮೇ ತಿಂಗಳಲ್ಲಿ ಹೊರಟೆವು. ಎಡಸೀಟು ತನ್ನದೆಂದು ತಿಳಿದಿದ್ದ ಗ್ರೇವಿ ಹಿಂದಿನ ಸೀಟಿನಿಂದ ನನ್ನ ಕತ್ತಿಗೆ ದಾರಿಯುದ್ದಕ್ಕೂ ಉಸಿರು ಬಿಟ್ಟ. ಆಚೆ ದಡದಲ್ಲಿ ರೈಲು ನಿಲ್ಲುವ ಕ್ಯಾಲೆ ದಾಟಿ ಹಳ್ಳಿರಸ್ತೆಗೆ ಇಳಿದಾಗ ಮುಂದೆ ಹುಲ್ಲು ತುಂಬಿದ ಟ್ರ್ಯಾಕ್ಟರ್.

“ನೋಡು, ಖಾಲಿ ಇದೆಯಾ?”

“ತಡಿ. ಯಾವುದೋ ಕಾರು ಬರ್ತಿದೆ.”

“ಎಷ್ಟು ದೂರದಲ್ಲಿ?”

“ಅಗೋ, ಆ ಗುಡ್ಡದ ಮೇಲೆ.”

“ಗುಡ್ಡದ ಮೇಲಾ? ಅಷ್ಟೊತ್ತಿಗೆ ನಾವು ಇಂಥ ನಾಲ್ಕು ಟ್ರ್ಯಾಕ್ಟರ್ ದಾಟಿರ್ತಿದ್ವಿ.”

“ಸಾಯೋದಿದ್ರೆ ಡೀಲ್‌ನಲ್ಲೇ ಸಾಯ್ತಿದ್ದೆ. ಇಲ್ಲೀವರೆಗೂ ಬರೋ ಕರ್ಮ ನನಗ್ಯಾಕೆ?”

“ಗ್ರೇವಿನೇ ವಾಸಿ ಇದ್ದ.”

“ಇರ್ತಾನೆ. ಅವನು ಎದುರು ಮಾತಾಡಲ್ವಲ್ಲ.”

ಪೆಟ್ರೋಲ್ ಹಾಕಿಸಲು ಒಂದು ಕಡೆ ನಿಲ್ಲಿಸಿದೆವು. ಹೊರಡುವಾಗ ನಾರಿಸ್ ಸೀದಾ ರಸ್ತೆಯ ಎಡಕ್ಕೆ ಹೋದ. ಎದುರಿಗೆ ಬ್ರೆಡ್ಡಿನ ವ್ಯಾನು. ಎರಡೂ ಗಾಡಿ ಮೂತಿಗೆ ಮೂತಿ ತಾಗುವಂತೆ ನಿಂತವು. ವ್ಯಾನಿನವನು ಇಳಿದು ಬಂದು ನಮ್ಮ ನಂಬರ್ ಪ್ಲೇಟ್ ನೋಡಿದ, ನಿಟ್ಟುಸಿರು ಬಿಟ್ಟ, ದನ ಅಟ್ಟುವವನ ಹಾಗೆ ಕೈ ಬೀಸಿ ಬಲಕ್ಕೆ ತೋರಿಸಿದ. ನಮ್ಮ ದೇಶದವರು ಅಲ್ಲಿ ಮಾಡುವ ತಪ್ಪು ಇದೇ. ದಾರಿಯಲ್ಲೆಲ್ಲ ನೆನಪಿರುತ್ತದೆ, ಎಲ್ಲಾದರೂ ನಿಂತು ಹೊರಟರೆ ಕೈ ತನ್ನ ಪಾಡಿಗೆ ಎಡಕ್ಕೆಳೆಯುತ್ತದೆ. ನಾರಿಸ್ ಕಾರನ್ನು ಬಲಕ್ಕೆ ತಂದು ನಿಲ್ಲಿಸಿದ.

“ಪಂಪಿಂದ ಹೊರಡೋವಾಗೆಲ್ಲ ಆಲ್ವೆನ್ ‘ಬಲಕ್ಕೆ’ ಅನ್ನೋಳು,” ಅಂದ.

“ಅದನ್ನ ನನಗೆ ಮೊದಲೇ ಹೇಳಕ್ಕೇನಾಗಿತ್ತು ನಿನಗೆ?”

“ಅವಳಿಗೆ ಯಾರೂ ಹೇಳ್ಕೊಟ್ಟಿರಲಿಲ್ಲ.”

ನನಗೆ ಕೋಪ ಬಂತು, ಪಾಪ ಅಂತಲೂ ಅನ್ನಿಸಿತು. ಅಲ್ಲಿಂದ ಮುಂದೆ ಅವನು ಕಾರು ಚಾಲೂ ಮಾಡಿದಾಗಲೆಲ್ಲ ಬಲಕ್ಕೆ, ಬಲಕ್ಕೆ ಎಂದು ಜಪ ಮಾಡುತ್ತಾ ಹೋದೆ.

ಮೆನ್ನಾಳ ಮನೆಗೆ ದೊಡ್ಡ ಹಿತ್ತಲು, ಸೇಬಿನ ಮರಗಳು, ಕೋಳಿಗಳು. ಮೊದಲ ದಿನ ಗ್ರೇವಿ ಕೋಳಿಗಳನ್ನು ಅಟ್ಟಿಸಿಕೊಂಡು ಹೋಗಿ ಹುಂಜದಿಂದ ಮೂಗಿಗೆ ಕುಕ್ಕಿಸಿಕೊಂಡ. ಆಮೇಲೆ ಹುಂಜ ಬಂದರೆ ದಾರಿ ಬಿಟ್ಟುಕೊಡತೊಡಗಿದ. ಊಟವಾದ ಮೇಲೆ ಒಲೆಯ ಹತ್ತಿರ ಮೆನ್ನಾಳ ಚಪ್ಪಲಿಯ ಮೇಲೆ ತಲೆಯಿಟ್ಟು ಮಲಗುತ್ತಿದ್ದ. ನಾರಿಸ್ ಅದನ್ನು ನೋಡುತ್ತಿದ್ದ. ಹೊಂದಿಕೊಂಡನಲ್ಲ ಎಂದು ಖುಷಿ, ಇಷ್ಟು ಬೇಗ ಹೊಂದಿಕೊಂಡನೇ ಎಂದು ಸಂಕಟ, ಎರಡೂ ಆ ಮುಖದಲ್ಲಿ ಕಾಣುತ್ತಿದ್ದವು.

ಇಲ್ಲೊಂದು ಮಾತು ಹೇಳಬೇಕು. ನಾಯಿಯನ್ನು ಹೊರದೇಶಕ್ಕೆ ಕರೆದೊಯ್ಯುವಾಗ ಬೇಡದ್ದು ವಾಪಸ್ ತರುವಾಗ ಬೇಕು. ಅದು ಲಾಡಿಹುಳದ ಮಾತ್ರೆ. ಅಲ್ಲಿಯ ಪಶುವೈದ್ಯರ ಕಣ್ಣೆದುರಿಗೇ ನುಂಗಿಸಿ ಕಾಗದಕ್ಕೆ ಮುದ್ರೆ ಹಾಕಿಸಬೇಕು. ಹೊರಡುವ ದಿನ ಹಾಕಿಸಿದರೆ ಆಗದು, ಮೊದಲೇ ಆಗಿರಬೇಕು. ಮುದ್ರೆ ಇಲ್ಲದಿದ್ದರೆ ಕ್ಯಾಲೆಯಲ್ಲಿ ಮುಲಾಜಿಲ್ಲದೆ ತಡೆಯುತ್ತಾರೆ. ಬೇರೆ ವರ್ಷ ನಾರಿಸ್ ಈ ಮಾತ್ರೆಯ ವಿಷಯದಲ್ಲಿ ಮೆನ್ನಾಳ ಜೀವ ತಿನ್ನುತ್ತಿದ್ದನಂತೆ. ಈ ಸಲ ಆ ಸುದ್ದಿಯೇ ಇಲ್ಲ. ತಡೆಯಲಾರದೆ ನಾನೇ ತೆಗೆದೆ.

“ಯಾವುದಕ್ಕೂ ಇರಲಿ, ಒಂದು ಮಾತ್ರೆ ಹಾಕಿಸಿಡೋಣ ಕಣಯ್ಯ.”

“ಯಾವುದಕ್ಕೆ?” ಅಂದವನೇ ಎದ್ದು ಹಿತ್ತಲಿಗೆ ಹೋದ. ಎಂಥ ಕಲ್ಲುಮನಸ್ಸು ಅಂದುಕೊಂಡು ನಾನು ಪಾತ್ರೆ ತೊಳೆದೆ.

ಹೊರಡುವ ಬೆಳಿಗ್ಗೆ ಮೆನ್ನಾ ಅವನ ಕಾಫಿ ಬಟ್ಟಲಿನ ಪಕ್ಕ ಗ್ರೇವಿಯ ಕಾಗದಗಳನ್ನು ಇಟ್ಟಳು. ಮೇಲೆ ಹೊಸ ಮುದ್ರೆ.

“ಮೊನ್ನೆ ಬ್ರೆಡ್ ತರಕ್ಕೆ ಹೋಗ್ತೀನಿ ಅಂತ ಇವನನ್ನ ಕರ್ಕೊಂಡು ಹೋಗಿದ್ನಲ್ಲ, ಆಗ ಮಾತ್ರೆ ಹಾಕಿಸಿದೆ. ಕರ್ಕೊಂಡು ಹೋಗಬೇಕು ಅನ್ಸಿದ್ರೆ ಹೋಗು ನಾರಿಸ್. ನಾನೇನೂ ಅಂದ್ಕೊಳಲ್ಲ.”

ನಾರಿಸ್ ಕೆಂಪಗಾದ. “ನಿನಗೆ ಯಾರು ಹೇಳಿದ್ರು?”

“ಯಾರೂ ಹೇಳಲಿಲ್ಲ. ನಿನ್ನ ಮುಖ ನೋಡಕ್ಕಾಗಲಿಲ್ಲ.”

ಅವನು ಆ ಮುದ್ರೆಯ ಮೇಲೆ ಬೆರಳಾಡಿಸಿದ. ಬೈಯುತ್ತಾನೆ ಅಂದುಕೊಂಡೆ. ದನಿ ಏರಲೇ ಇಲ್ಲ.

“ಮಾತ್ರೆ ಇಲ್ದಿದ್ರೆ ಗಡೀಲಿ ಬಿಡ್ತಿರಲಿಲ್ಲ ಮೆನ್ನಾ. ಕೊನೇ ಗಳಿಗೇಲಿ ನನ್ನ ಮನಸ್ಸು ತಿರುಗಿದ್ರೂ ಏನೂ ಮಾಡೋ ಹಾಗಿರಲಿಲ್ಲ. ಅದಕ್ಕೇ ಹಾಕಿಸಲಿಲ್ಲ. ನೀನು ಹಾಕಿಸಿಬಿಟ್ಟೆ. ಈಗ ನಾನೇ ಬಿಟ್ಟು ಹೋಗಬೇಕು.”

ಮೆನ್ನಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಒಳ್ಳೆಯದನ್ನೇ ಮಾಡಲು ಹೋಗಿದ್ದಳು, ಪಾಪ. ನನಗೆ ಸುಮ್ಮನಿರಲಾಗಲಿಲ್ಲ.

“ಹಂಗಾದ್ರೆ ಕರ್ಕೊಂಡು ನಡಿ. ಆ ಫ್ಲ್ಯಾಟ್ ಮನೆ ಹಾಳಾಗ್ಲಿ. ಮಂಚ ಕೆಳಗಿಳಿಸೋಣ. ಬೆಳಿಗ್ಗೆ ಸಂಜೆ ನಾನು ಬಂದು ನೋಡ್ಕೋತೀನಿ.”

“ನಾನು ಬಿದ್ದ ದಿನ ಗ್ರೇವಿ ಬೊಗಳಿದ್ದು ನಿನಗೆ ಕೇಳಿಸ್ತು ಥೆಲ್ಮಾ. ನೀನು ಮಗಳ ಮನೆಗೆ ಹೋಗಿದ್ದಿದ್ರೆ? ನಾನು ಸತ್ರೆ ಸತ್ತೆ, ನನಗೇನು ಗೊತ್ತಾಗುತ್ತೆ. ಮುಚ್ಚಿದ ಮನೇಲಿ ಅವನು. ನೀರು ಹಾಕೋರಿಲ್ಲ, ಬಾಗಿಲು ತೆಗೆಯೋರಿಲ್ಲ. ಆಸ್ಪತ್ರೇಲಿ ದಿನಾ ಅದನ್ನೇ ಯೋಚಿಸ್ತಿದ್ದೆ.”

ನಾನು ಎದ್ದು ಹೋಗಿ ಚೀಲಗಳನ್ನು ಕಾರಿನ ಹತ್ತಿರ ತಂದಿಟ್ಟೆ.

ಕಾರಿನ ಬಾಗಿಲು ತೆರೆದದ್ದೇ ತಡ, ಗ್ರೇವಿ ಎಂದಿನಂತೆ ಹಾರಿ ಎಡಸೀಟಿನಲ್ಲಿ ಕೂತ. ಬೆಲ್ಟು ಕಟ್ಟಲಿ ಎಂದು ಎದೆ ಮುಂದೆ ಮಾಡಿದ. ನಾರಿಸ್ ಆ ಸೊಂಟದಲ್ಲಿ ಭಾರ ಎತ್ತಬಾರದು, ನಾನು ಮುಂದೆ ಹೋದೆ, ನನ್ನ ಕೈ ಸರಿಸಿದ. ತಾನೇ ಬಗ್ಗಿ ಎತ್ತಿಕೊಂಡು, ಕಿವಿಯ ಹಿಂದೆ ಮೂಗು ಇಟ್ಟು ಒಂದು ಕ್ಷಣ ನಿಂತು, ಮೆನ್ನಾಳ ತೋಳಿಗೆ ಕೊಟ್ಟ. ಕಾಗದಗಳನ್ನೂ ಅವಳಿಗೇ ಕೊಟ್ಟ. ಸರಿಯಾಗೇ ಇದ್ದ ಟೈರುಗಳನ್ನು ಒಂದೊಂದಾಗಿ ಒದ್ದು ನೋಡಿದ. ಆಮೇಲೆ ಹೊರಟೆವು. ಹಿಂದಿನಿಂದ ಬೊಗಳುವುದು ರಸ್ತೆ ತಿರುಗುವವರೆಗೂ ಕೇಳಿಸಿತು.

ದಾರಿಯಲ್ಲಿ ನಾನು ಧೈರ್ಯ ಮಾಡಿ ಎರಡು ಲಾರಿ ದಾಟಿಸಿದೆ. ನಾರಿಸ್ ಹೊಗಳಲಿಲ್ಲ, ಬೈಯಲಿಲ್ಲ. ಚಹಾ ಬೇಡ ಅಂದ. ನಾನು ಸ್ಯಾಂಡ್‌ವಿಚ್ ತಿಂದೆ, ಹಸಿವಾಗಿತ್ತು.

ಕ್ಯಾಲೆಯಲ್ಲಿ ರೈಲಿನ ಅಂಗಳ ಸೇರುವ ಮುಂಚೆ ದಾರಿ ಕವಲೊಡೆಯುತ್ತದೆ. ನಾಯಿಬೆಕ್ಕು ಇರುವವರು ಪಂಜದ ಗುರುತು ಬರೆದ ದಾರಿ ಹಿಡಿದು ತಪಾಸಣೆಯ ಕಟ್ಟಡಕ್ಕೆ ಹೋಗಬೇಕು. ನಾರಿಸ್ ಆ ದಾರಿ ಹಿಡಿದ. ನಮ್ಮ ಜೊತೆ ನಾಯಿ ಇಲ್ಲವಲ್ಲ ಎಂದು ನಾನು ಹೇಳುವಷ್ಟರಲ್ಲಿ ಕಾರು ನಿಲ್ಲಿಸಿದ, ಇಳಿದ, ಬಾಗಿಲು ಹಾಕಿಕೊಂಡು ಒಳಗೆ ನಡೆದ. ನಾನು ಹಿಂದೆಯೇ ಓಡಿದೆ.

ಒಳಗೆ ಕೌಂಟರಿನಲ್ಲಿ ಒಬ್ಬಳು ಹುಡುಗಿ. ನಾಯಿಯ ಕತ್ತಿನ ಚರ್ಮದಡಿ ಇರುವ ಚಿಪ್ ಓದುವ ಯಂತ್ರವನ್ನು ಅಲ್ಲಿ ಮಾಲೀಕರ ಕೈಗೇ ಕೊಡುತ್ತಾರೆ, ಪ್ರಾಣಿ ಹೆದರದಿರಲಿ ಎಂದು. ಅವಳು ನಗುತ್ತಾ ಅದನ್ನು ನಾರಿಸ್ ಕೈಗೆ ಕೊಟ್ಟಳು. ಅವನು ತೆಗೆದುಕೊಂಡು ಬಗ್ಗಿದ. ಬಗ್ಗಿದವನು ಹಾಗೇ ನಿಂತ. ಹುಡುಗಿ ಕೌಂಟರಿನ ಮೇಲೆ ವಾಲಿ ಅವನ ಕಾಲ ಬುಡ ನೋಡಿದಳು.

“ನಿಮ್ಮ ನಾಯಿ ಎಲ್ಲಿ ಸಾರ್?”

ನಾರಿಸ್ ನಿಧಾನಕ್ಕೆ ನೆಟ್ಟಗಾದ. ಯಂತ್ರವನ್ನು ಕೌಂಟರಿನ ಮೇಲೆ ಇಟ್ಟ.

“ಇಲ್ಲಮ್ಮ,” ಅಂದ. “ಮಾತ್ರೆ ಹಾಕಿಸಿತ್ತು. ಮುದ್ರೆನೂ ಸರಿಯಾಗೇ ಇತ್ತು. ನಾನೇ ಬಿಟ್ಟು ಬಂದೆ.”